‘ಇದನ್ನು ಓದು’ ಎನ್ನುವ ಮುನ್ನ

ಒಬ್ಬರ ಕೈಗೆ ಪುಸ್ತಕವೊಂದನ್ನು ಕೊಟ್ಟು ‘ಇದನ್ನು ಓದು’ ಎನ್ನುವುದು ನೋಡುವುದಕ್ಕೆ ಬಹಳ ಸಣ್ಣ ಕೆಲಸ. ಊಟಕ್ಕೆ ಕೂತವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಷ್ಟೇ ಸಹಜ. ಬಡಿಸುವ ಕೈಯಲ್ಲಿ ಪ್ರೀತಿಯೂ ಇರುತ್ತದೆ, ಒಂದಿಷ್ಟು ಬಲವಂತವೂ ಇರುತ್ತದೆ. ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಕೊಡುವವರು ದೊಡ್ಡವರಾಗಿ, ತೆಗೆದುಕೊಳ್ಳುವವರು ಹದಿನಾಲ್ಕು ಹದಿನೈದರ ವಯಸ್ಸಿನವರಾಗಿ, ಕೊಟ್ಟದ್ದು ಕಾದಂಬರಿಯೋ ಆತ್ಮಕಥೆಯೋ ಆಗಿದ್ದಾಗ ಆ ಎರಡು ಪದಗಳೊಳಗೆ ಮೂರು ಮಾತುಗಳು ಅಡಗಿರುತ್ತವೆ. ಈ ಪುಸ್ತಕ ನನಗೆ ಗೊತ್ತು. ನೀನು ನನಗೆ ಗೊತ್ತು. ಇದರಿಂದ ನಿನಗೆ ಒಳ್ಳೆಯದಾಗುತ್ತದೆ. ಮೊದಲನೆಯ ಮಾತು ನಿಜವಿರಬಹುದು. ಎರಡನೆಯದು ಹೆಚ್ಚೆಂದರೆ ಅರ್ಧ ನಿಜ. ಮೂರನೆಯದನ್ನು ಹೇಳುವ ಹಕ್ಕು ಯಾರಿಗಿದೆ, ಎಷ್ಟರಮಟ್ಟಿಗೆ ಇದೆ?

ಈ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಈಗ ಮೊದಲಿಗಿಂತ ಹೆಚ್ಚು ಜೀವಂತವಾಗಿದೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆಗೆ ಕಟ್ಟುವ ಶೇ. 6ರ ಗ್ರಂಥಾಲಯ ಕರ ಆ ಕಾಯ್ದೆಯದೇ ಕೂಸು. ಆದರೂ ಬಹುಕಾಲ ಹಳ್ಳಿಯ ಗ್ರಂಥಾಲಯವೆಂದರೆ ಬೆಳಿಗ್ಗೆ ಪೇಪರ್ ನೋಡುವ ಗಂಡಸರ ಜಾಗ, ಮಧ್ಯಾಹ್ನ ಪರೀಕ್ಷೆಗೆ ಓದಿಕೊಳ್ಳುವವರ ಜಾಗವಾಗಿತ್ತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರಲ್ಲಿ, ಕೊರೊನಾದ ಕಾಲಕ್ಕೆ, ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಶಾಲೆ ಬಿಟ್ಟ ಮೇಲೆ ಬ್ಯಾಗು ಹೊತ್ತುಕೊಂಡೇ ಬರುವ ಎಂಟು, ಒಂಬತ್ತು, ಹತ್ತನೆಯ ತರಗತಿಯ ಹುಡುಗ ಹುಡುಗಿಯರು ಅಲ್ಲಿ ಕಾಣುತ್ತಾರೆ. ಅವರೆದುರು ಕೂತಿರುವವರು ಗ್ರಂಥಾಲಯ ಮೇಲ್ವಿಚಾರಕರು. ಮಕ್ಕಳ ಬಾಯಲ್ಲಿ ಅವರು ‘ಸಾರ್’, ‘ಮೇಡಂ’, ಇಲ್ಲವೇ ಬರೀ ‘ಅಣ್ಣ’, ‘ಅಕ್ಕ’.

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಈ ಅಣ್ಣ ಅಕ್ಕಂದಿರಿಗೆ ಬರುವ ಮಕ್ಕಳ ಬಗ್ಗೆ ಗೊತ್ತಿಲ್ಲದ ಸಂಗತಿ ಕಡಿಮೆ. ಯಾರ ತೋಟದ ಬೋರು ಬತ್ತಿದೆ, ಯಾರ ಮನೆಯಲ್ಲಿ ಅಪ್ಪ ಕುಡಿದು ಬರುತ್ತಾನೆ, ಯಾರ ಅಕ್ಕನ ಮದುವೆ ಮುರಿಯಿತು, ಯಾವ ಹುಡುಗ ಯಾವ ಬೀದಿಯವನು, ಎಲ್ಲವೂ ಗೊತ್ತು. ಪಟ್ಟಣದ ದೊಡ್ಡ ಗ್ರಂಥಾಲಯದಲ್ಲಿ ಓದುಗ ಒಂದು ಸದಸ್ಯತ್ವದ ಸಂಖ್ಯೆ. ಇಲ್ಲಿ ಅವನು ಇಂಥವರ ಮಗ, ಅವಳು ಇಂಥವರ ಮೊಮ್ಮಗಳು. ಹೀಗೆ ಗೊತ್ತಿರುವುದೇ ಹಳ್ಳಿಯ ಗ್ರಂಥಾಲಯದ ಬಲ. ಅಪಾಯವೂ ಅಲ್ಲೇ ಇದೆ.

ಗ್ರಂಥಾಲಯ ಶಾಸ್ತ್ರದ ಹಿರಿಯರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಮುಂದೆ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರ ಕಟ್ಟಿದವರು ಅವರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವರ ಎರಡನೆಯ ಸೂತ್ರದ ಸಾರ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದರ ಸಾರ. ಈ ಮಾತುಗಳನ್ನು ಕೇಳಿದಾಗಲೆಲ್ಲ ನನಗೆ ‘ಅವನ’ ಎಂಬ ಆ ಷಷ್ಠಿ ವಿಭಕ್ತಿಯ ಮೇಲೆಯೇ ಗಮನ ನಿಲ್ಲುತ್ತದೆ. ಯಾವ ಪುಸ್ತಕ ‘ಅವನದು’ ಎಂದು ನಿರ್ಧರಿಸುವವರು ಯಾರು? ಓದುಗನಿಗೆ ಅದು ಓದುವ ಮುಂಚೆ ಗೊತ್ತಿರುವುದಿಲ್ಲ. ಕೊಡುವವರಿಗೆ ಗೊತ್ತಿದೆ ಎಂದುಕೊಂಡರೆ, ಅವರು ಯಾವುದರ ಆಧಾರದ ಮೇಲೆ ಹಾಗೆಂದುಕೊಂಡರು?

ಇಲ್ಲಿಗೆ ಒಂದು ಹಳೆಯ ವಿಚಾರ ಒದಗಿಬರುತ್ತದೆ. ಭಾರತೀಯ ಕಾವ್ಯಮೀಮಾಂಸೆಯನ್ನು ಕನ್ನಡದ ವಿದ್ಯಾರ್ಥಿಗಳಿಗೆ ತಿಳಿಯಾಗಿ ಕಲಿಸಿದ ತೀ.ನಂ. ಶ್ರೀಕಂಠಯ್ಯನವರು ಇದೇ ಸೀಮೆಯ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಆ ಮೀಮಾಂಸೆಯಲ್ಲಿ ಮಮ್ಮಟ ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ವೇದ ಅರಸನಂತೆ ಆಜ್ಞೆ ಮಾಡುತ್ತದೆ; ಅದು ಪ್ರಭುಸಂಮಿತ. ಪುರಾಣ ಇತಿಹಾಸಗಳು ಗೆಳೆಯನಂತೆ ಬುದ್ಧಿ ಹೇಳುತ್ತವೆ, ಅದು ಮಿತ್ರಸಂಮಿತ. ಕಾವ್ಯ ನಲ್ಲೆಯಂತೆ ಮನಸ್ಸನ್ನು ಒಲಿಸಿಕೊಂಡೇ ತಿದ್ದುತ್ತದೆ, ಅದು ಕಾಂತಾಸಂಮಿತ. ಮಮ್ಮಟ ಹೇಳಿದ್ದು ಪುಸ್ತಕಗಳ ಬಗ್ಗೆ. ಪುಸ್ತಕ ಕೊಡುವವರ ಬಗ್ಗೆಯೂ ಹೀಗೆಯೇ ಕೇಳಬಹುದು. ಕಾಂತೆಯಂತೆ ಮಾತಾಡಬೇಕಾದ ಕಾದಂಬರಿಯನ್ನು ನಾವು ಪ್ರಭುವಿನ ಗತ್ತಿನಲ್ಲಿ ಕೊಟ್ಟರೆ ಏನಾಗುತ್ತದೆ? ‘ಇದನ್ನ ಓದಿ ಎರಡು ಪುಟ ಅಭಿಪ್ರಾಯ ಬರ್ಕೊಂಡ್ ಬಾ’ ಎಂದ ಕೂಡಲೇ ಎಂಥ ಒಳ್ಳೆಯ ಕಾದಂಬರಿಯೂ ಹೋಂವರ್ಕ್ ಆಗುತ್ತದೆ. ಪುಸ್ತಕದ ದನಿ ಏನೇ ಇರಲಿ, ಮಗುವಿನ ಕಿವಿಗೆ ಮೊದಲು ಬೀಳುವುದು ಕೊಟ್ಟವರ ದನಿ.

ಒಂದು ನಿಜವಾದ ಪುಸ್ತಕವನ್ನೇ ಇಟ್ಟುಕೊಂಡು ನೋಡೋಣ. ನಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಬಂದದ್ದು 1970ರಲ್ಲಿ. ಅದರಲ್ಲಿ ಬರುವ ನೆಲ ನಮ್ಮದು, ಮಾತು ನಮ್ಮದು. ಗಂಡ ಕೈಲಾಗದವನಾದಾಗ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವ ನಂಜಮ್ಮನಂಥ ಹೆಂಗಸರನ್ನು ಇಲ್ಲಿನ ಮಕ್ಕಳು ಅಜ್ಜಿಯರ ಮಾತಿನಲ್ಲಿ ಕೇಳಿಯೇ ಇರುತ್ತಾರೆ. ಈ ಕಡೆಯ ಗ್ರಂಥಾಲಯದಲ್ಲಿ ‘ನಮ್ಮ ಕಡೆ ಕತೆ ಇರೋ ಪುಸ್ತಕ ಕೊಡಿ’ ಎಂದು ಕೇಳಿದರೆ ಮೊದಲು ಹೊರಬರುವ ಪುಸ್ತಕ ಇದೇ. ಹಾಗೆಯೇ ಇದು ಪ್ಲೇಗಿನ ಕಾದಂಬರಿ. ನಂಜಮ್ಮನ ಬೆಳೆದ ಮಕ್ಕಳಿಬ್ಬರು ಪ್ಲೇಗಿಗೆ ಸಿಕ್ಕು ಸಾಯುತ್ತಾರೆ. ಮುಂದೆ ಅವಳೂ ಸಾಯುತ್ತಾಳೆ.

ಕೊರೊನಾದ ಎರಡನೇ ಅಲೆಯ ನಂತರ ಈ ಪುಸ್ತಕವನ್ನು ಮಗುವೊಂದರ ಕೈಗೆ ಕೊಡುವುದು ಮೊದಲಿನಂತೆ ಸಲೀಸಾಗಿ ಉಳಿಯಲಿಲ್ಲ. ನಮ್ಮ ಕಡೆಯ ಒಬ್ಬ ಮೇಲ್ವಿಚಾರಕಿ ಹೇಳಿದ ಸಂಗತಿ ಇದು. ತಾಯಿಯನ್ನು ಕಳೆದುಕೊಂಡಿದ್ದ ಹುಡುಗಿಯೊಬ್ಬಳು ಕಪಾಟಿನಿಂದ ತಾನೇ ‘ಗೃಹಭಂಗ’ವನ್ನು ಎತ್ತಿಕೊಂಡು ಮೇಜಿನ ಮೇಲಿಟ್ಟಳಂತೆ. ಇವರಿಗೆ ಎದೆ ಧಸಕ್ ಎಂದಿತು. ‘ಇದು ಬ್ಯಾಡ ಕಣಮ್ಮ, ಬೇರೆ ತಗೋ’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅನ್ನಲಿಲ್ಲ. ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಟ್ಟು ಕಳಿಸಿದರು. ಹುಡುಗಿ ಎರಡು ಸಲ ಬಂದು ಅವಧಿಯನ್ನು ಮುಂದಕ್ಕೆ ಹಾಕಿಸಿಕೊಂಡು ಹೋದಳು. ಮೂರನೆಯ ಸಲ ಇವರು ಕೇಳಿದರು:

‘ಎಲ್ಲೀಗಂಟ ಬಂತಮ್ಮ ಓದು?’

‘ಅರ್ಧಕ್ಕೇ ನಿಲ್ಲಿಸ್ದೆ ಮೇಡಂ. ಪ್ಲೇಗು ಬರುತ್ತಲ್ಲ, ಅಲ್ಲಿ.’

‘ಹಂಗಾದ್ರೆ ವಾಪಸ್ ಕೊಟ್ಬಿಡು, ಬೇರೆ ಕೊಡ್ತೀನಿ.’

‘ಬ್ಯಾಡ ಮೇಡಂ. ಓದ್ದೆ ಇದ್ರೂ ಪರ್ವಾಗಿಲ್ಲ, ಮನೇಲಿರ್ಲಿ. ನಮ್ಮನೇಲಿ ಯಾರೂ ಆ ಮಾತೇ ಎತ್ತಲ್ಲ.’

ಕೊಟ್ಟಿದ್ದು ಸರಿಯಾಯಿತೋ ತಪ್ಪಾಯಿತೋ ಇವತ್ತಿಗೂ ತಿಳಿಯದು ಎಂದರು ಆಕೆ. ಈ ತಿಳಿಯದಿರುವಿಕೆ ನನಗೆ ಬಹಳ ಪ್ರಾಮಾಣಿಕವಾದ ಜಾಗ ಅನ್ನಿಸುತ್ತದೆ. ಅಭಿನವಗುಪ್ತ ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲೊಂದು, ನೋಡುಗ ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಹೋಗಿರುವುದು. ಆ ಲೆಕ್ಕದಲ್ಲಿ ನೋಡಿದರೆ ಹುಡುಗಿಯ ಓದು ಕೆಟ್ಟುಹೋದ ಓದು. ನಂಜಮ್ಮನ ದುಃಖ ಅವಳಿಗೆ ರಸವಾಗಲಿಲ್ಲ, ನೇರವಾಗಿ ದುಃಖವೇ ಆಯಿತು. ಅದಕ್ಕೇ ಪುಸ್ತಕ ಅರ್ಧಕ್ಕೆ ನಿಂತಿತು. ಆದರೆ ಮುಗಿಸದ ಆ ಪುಸ್ತಕ ಮನೆಯಲ್ಲಿರಲಿ ಎಂದಳಲ್ಲ, ಅದಕ್ಕೆ ಯಾವ ಹೆಸರಿಡುವುದು? ಮನೆಯಲ್ಲಿ ಯಾರೂ ಆಡದ ಮಾತನ್ನು ಆಡುವ ವಸ್ತುವೊಂದು ಗೂಡಿನಲ್ಲಿ ಕೂತಿತ್ತು. ಓದುವುದಕ್ಕೂ ಓದದಿರುವುದಕ್ಕೂ ನಡುವೆ ಇಂಥದ್ದೊಂದು ಸಂಬಂಧವಿದೆ ಎಂಬುದು ನಮ್ಮ ಮೀಮಾಂಸೆಗೂ ಬಹುಶಃ ಹೊಳೆದಿರಲಿಕ್ಕಿಲ್ಲ, ಪುಸ್ತಕ ವಿತರಣೆಯ ಅಂಕಿಅಂಶಗಳಿಗಂತೂ ಹೊಳೆಯುವುದಿಲ್ಲ.

ಇಲ್ಲೇ ಕಾದಂಬರಿಗೂ ಆತ್ಮಕಥೆಗೂ ಇರುವ ವ್ಯತ್ಯಾಸವನ್ನೂ ನೋಡಬೇಕು. ಹದಿಹರೆಯದವರು ಪುಸ್ತಕ ಮುಗಿಸಿ ಕೇಳುವ ಮೊದಲ ಪ್ರಶ್ನೆ ‘ಇದು ನಿಜವಾಗ್ಲೂ ನಡೆದಿದ್ದಾ?’ ಎಂಬುದು. ಅದನ್ನು ಎಳಸು ಪ್ರಶ್ನೆ ಎಂದು ನಾವು ನಗುತ್ತೇವೆ. ಆದರೆ ಅದು ನೈತಿಕವಾದ ಪ್ರಶ್ನೆ. ಕಾದಂಬರಿಯಲ್ಲಿನ ದುಃಖ ಸಾಧಾರಣೀಕರಣಗೊಂಡದ್ದು, ಇಂಥವರದೇ ಎಂದು ಬೊಟ್ಟು ಮಾಡಲಾಗದ್ದು. ಅದರ ಮರೆಯಲ್ಲಿ ನಿಂತು ಓದುಗ ತನ್ನ ಪಾಲಿಗೆ ಅಳಬಹುದು, ಯಾರೂ ಪತ್ತೆ ಹಚ್ಚುವುದಿಲ್ಲ. ಆತ್ಮಕಥೆಗೆ ಒಂದು ಸಹಿ ಇರುತ್ತದೆ. ಅದು ಓದುಗನಿಂದ ನಂಬಿಕೆಯನ್ನು ಬೇಡುತ್ತದೆ. ಅದರ ಭಾರ ಹೆಚ್ಚು, ಆದರೆ ಅದು ಕೊಡುವ ಒಂದನ್ನು ಕಾದಂಬರಿ ಕೊಡಲಾರದು. ‘ಗೃಹಭಂಗ’ದ ಕೊನೆಯಲ್ಲಿ ಉಳಿದುಕೊಂಡ ಹುಡುಗ ವಿಶ್ವ ಮುಂದೆ ಏನಾದ ಎಂದು ಕಾದಂಬರಿ ಹೇಳುವುದಿಲ್ಲ. ಭೈರಪ್ಪನವರೂ ಚಿಕ್ಕಂದಿನಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡವರು. 1996ರಲ್ಲಿ ಬಂದ ಅವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದರೆ, ಅಂಥ ಹುಡುಗನೊಬ್ಬ ಬದುಕಿದ, ಓದಿದ, ಮೇಷ್ಟರಾದ, ಬರೆದ ಎಂಬುದು ತಿಳಿಯುತ್ತದೆ. ಕಾದಂಬರಿ ಉಳಿಸಿದ ಪ್ರಶ್ನೆಗೆ ಆತ್ಮಕಥೆ ತನ್ನ ಇರುವಿಕೆಯಿಂದಲೇ ಒಂದು ಉತ್ತರ.

ಈ ಉತ್ತರವನ್ನೇ ದೊಡ್ಡವರು ಕೆಡಿಸುವುದೂ ಉಂಟು. ‘ನೋಡು, ಅವ್ರು ವಾರಾನ್ನ ಉಂಡ್ಕೊಂಡು ಓದುದ್ರು, ನಿಂಗೇನ್ ದಾಡಿ?’ ಎಂಬ ಧಾಟಿಯಲ್ಲಿ ಕೊಟ್ಟ ಆತ್ಮಕಥೆ ಓದುವ ಮುಂಚೆಯೇ ಚಾಟಿಯಾಗುತ್ತದೆ. ಆತ್ಮಕಥೆಗಳನ್ನು ಬರೆದವರು ದಾಟಿ ಬಂದವರು. ದಾಟಲಾಗದೆ ನಡುವೆಯೇ ನಿಂತವರು ಪುಸ್ತಕ ಬರೆಯಲಿಲ್ಲ. ಕಷ್ಟದಲ್ಲಿರುವ ಮಗುವಿಗೆ ದಾಟಿದವರ ಕತೆಯನ್ನು ಕೊಡುವಾಗ, ದಾಟದಿದ್ದರೆ ಅದು ನಿನ್ನ ತಪ್ಪು ಎಂಬ ಅರ್ಥ ಅದಕ್ಕೆ ಅಂಟಿಕೊಳ್ಳದಂತೆ ನೋಡಿಕೊಳ್ಳುವುದು ಕೊಡುವವರ ಹೊಣೆ.

ಇನ್ನೂ ಕಠಿಣವಾದದ್ದು ಜಾತಿಯ ಪ್ರಶ್ನೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಕನ್ನಡದಲ್ಲಿ ಯಾರು ಬೇಕಾದರೂ ಓದಬೇಕಾದ ಆತ್ಮಕಥನಗಳು. ಎರಡನೆಯದರಲ್ಲಂತೂ ನೋವಿನ ಜೊತೆಜೊತೆಗೇ ನಗು ಉಕ್ಕುತ್ತದೆ. ಒಬ್ಬ ಮೇಲ್ವಿಚಾರಕ ಒಳ್ಳೆಯ ಮನಸ್ಸಿನಿಂದಲೇ, ಕೇರಿಯಿಂದ ಬಂದ ಹುಡುಗನನ್ನು ಕರೆದು ‘ನೀನು ಇದನ್ನು ಓದಬೇಕು ಕಣಪ್ಪ’ ಎಂದು ‘ಊರು ಕೇರಿ’ಯನ್ನು ಕೊಟ್ಟ ಎಂದುಕೊಳ್ಳಿ. ಪಕ್ಕದಲ್ಲಿ ಕೂತ ಬೇರೆ ಹುಡುಗರು ನೋಡುತ್ತಿದ್ದಾರೆ. ಅವರ ಕೈಯಲ್ಲಿ ತೇಜಸ್ವಿಯವರ ‘ಕರ್ವಾಲೊ’ ಇದೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಭಾಗ್ಯ ಅವರದು, ಕೇರಿಗೆ ವಾಪಸು ಹೋಗುವ ಓದು ಇವನದು. ಪುಸ್ತಕ ಕನ್ನಡಿಯಾಗಬೇಕು ಎನ್ನುತ್ತೇವೆ. ಎಲ್ಲರೆದುರು ಒಬ್ಬನಿಗೆ ಮಾತ್ರ ಹಿಡಿದ ಕನ್ನಡಿ ಗುರುತಿನ ಚೀಟಿಯಾಗುತ್ತದೆ. ಹುಡುಗಿಯರ ವಿಷಯದಲ್ಲೂ ಇದೇ. ಹೆಣ್ಣುಮಕ್ಕಳಿಗೆ ತ್ರಿವೇಣಿ, ಗಂಡುಮಕ್ಕಳಿಗೆ ಬೇಟೆಯ ಕತೆ ಎಂದು ಹಂಚುವವರಿಗೆ, ‘ಶರಪಂಜರ’ವನ್ನು ಹುಡುಗರೂ ಓದಿದ್ದರೆ ಮುಂದೆ ಅವರ ಮನೆಗಳಲ್ಲಿ ಒಂದಿಷ್ಟು ಮೌನ ಕಡಿಮೆಯಾಗುತ್ತಿತ್ತೇನೋ ಎಂಬುದು ತೋಚುವುದಿಲ್ಲ.

ಹಾಗಾದರೆ ಯಾರಿಗೂ ಏನನ್ನೂ ಹೇಳದೆ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಟ್ಟು ಸುಮ್ಮನಿರುವುದು ಮೇಲಲ್ಲವೇ? ಕೈಗೆ ಕೊಡುವುದಕ್ಕಿಂತ ಕೈಗೆ ಸಿಗುವಲ್ಲಿ ಇಡುವುದು ಹೆಚ್ಚು ಗೌರವದ ದಾರಿ ಎಂದು ನಾನೂ ಬಹಳ ದಿನ ನಂಬಿದ್ದೆ. ಈ ವಾದದಲ್ಲಿ ಬಲವಿದೆ. ಆದರೆ ಹರಡಿಟ್ಟ ಮೇಜು ಎಲ್ಲರಿಗೂ ಸಮಾನವಲ್ಲ. ಮನೆಯಲ್ಲಿ ಪುಸ್ತಕ ನೋಡಿ ಬೆಳೆದ ಮಗು ಮೇಜಿಗೆ ಧೈರ್ಯವಾಗಿ ಕೈ ಹಾಕುತ್ತದೆ. ಪಠ್ಯಪುಸ್ತಕ ಬಿಟ್ಟರೆ ಬೇರೊಂದನ್ನು ಮುಟ್ಟದ ಮಗು ‘ಇದು ನನ್ನಂಥವರಿಗಲ್ಲ’ ಎಂದುಕೊಂಡು ಕುರ್ಚಿಯಲ್ಲೇ ಕೂತಿರುತ್ತದೆ. ಯಾರೂ ಕರೆಯದಿದ್ದರೆ ಅದು ಕೂತೇ ಇರುತ್ತದೆ. ಹೇಳದಿರುವುದೂ ಒಂದು ಆಯ್ಕೆ. ಅದರ ಲಾಭ ಈಗಾಗಲೇ ಇದ್ದವರಿಗೆ ಹೋಗುತ್ತದೆ.

ಸುಮ್ಮನಿಡುವುದಕ್ಕಿಂತ ಮುಂದೆ ಹೋಗಿ ಮುಚ್ಚಿಡಬೇಕು ಎನ್ನುವವರೂ ಇದ್ದಾರೆ. ಕವಿಗಳ ಕತೆಗಳಿಂದ ಎಳೆಯರನ್ನು ಕಾಪಾಡಬೇಕೆಂದು ಪ್ಲೇಟೋ ಹೇಳಿದ್ದ. ನಮ್ಮಲ್ಲಿ 1950ರ ದಶಕದ ಹೊತ್ತಿಗೆ ಅ.ನ.ಕೃ. ಅವರ ‘ನಗ್ನಸತ್ಯ’, ‘ಸಂಜೆಗತ್ತಲು’, ‘ಶನಿಸಂತಾನ’ ಕಾದಂಬರಿಗಳು ಅಶ್ಲೀಲವೆಂಬ ಗದ್ದಲ ಎದ್ದಿತ್ತು. ವೇಶ್ಯೆಯರ ಬದುಕನ್ನು ಬರೆದದ್ದೇ ತಪ್ಪೆಂಬಂತೆ ಚರ್ಚೆಯಾಯಿತು. ಅವರು ಸುಮ್ಮನಾಗದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಇವತ್ತು ಆ ಕಾದಂಬರಿಗಳಿಗೆ ಹೆದರುವವರು ಯಾರೂ ಇಲ್ಲ. ಹೆದರಿಕೆ ಬೇರೆ ಪುಸ್ತಕಗಳಿಗೆ ವರ್ಗಾವಣೆಯಾಗಿದೆ. ಎ. ರೇವತಿಯವರ ‘ಬದುಕು ಬಯಲು’ ಆತ್ಮಕಥೆಯನ್ನು ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಹಾದಿಯನ್ನು ಹೇಳುವ ಆ ಪುಸ್ತಕ ಯಾವುದೋ ಹಳ್ಳಿಯ ಒಬ್ಬ ಹುಡುಗನಿಗೆ ಜಗತ್ತಿನಲ್ಲಿ ತಾನೊಬ್ಬನೇ ಅಲ್ಲ ಎಂದು ಹೇಳಬಲ್ಲ ಏಕೈಕ ಪುಸ್ತಕವಾಗಿರಬಹುದು. ಆದರೆ ಅವನು ಅದನ್ನು ಮನೆಗೆ ಒಯ್ಯಬೇಕಾದರೆ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಆ ರಿಜಿಸ್ಟರು ಎಲ್ಲರೂ ತಿರುವಿ ಹಾಕುವ ಮೇಜಿನ ಮೇಲೆ ಬಿದ್ದಿರುತ್ತದೆ. ಯಾರು ಏನು ಓದಿದರು ಎಂಬುದನ್ನು ಊರಿನ ಬಾಯಿಗೆ ಬೀಳದಂತೆ ಇಟ್ಟುಕೊಳ್ಳುವುದು, ಒಳ್ಳೆಯ ಪುಸ್ತಕ ಸೂಚಿಸುವುದಕ್ಕಿಂತಲೂ ಮೊದಲ ಕರ್ತವ್ಯ. ವೈದ್ಯರ ಬಾಯಿಯ ಬಿಗಿ ಗ್ರಂಥಾಲಯದವರಿಗೂ ಬೇಕು.

ಬಹಳಷ್ಟು ಮಕ್ಕಳ ಕೈಗೆ ಈಗ ಮೊಬೈಲು ಸಿಗುತ್ತದೆ, ಅದೂ ಇಡೀ ದಿನ ಶಿಫಾರಸು ಮಾಡುತ್ತಲೇ ಇರುತ್ತದೆ. ನೀನು ನನಗೆ ಗೊತ್ತು ಎಂಬ ಮಾತನ್ನು ಅದರಷ್ಟು ಆತ್ಮವಿಶ್ವಾಸದಿಂದ ಯಾವ ಮೇಷ್ಟರೂ ಹೇಳಲಾರರು. ಆದರೆ ಅದು ತೋರಿಸಿದ್ದನ್ನು ನೋಡಿ ರಾತ್ರಿ ನಿದ್ದೆ ಕೆಟ್ಟರೆ ಬೆಳಿಗ್ಗೆ ಹೋಗಿ ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಮೇಲ್ವಿಚಾರಕಿ ನಾಳೆಯೂ ಅದೇ ಕುರ್ಚಿಯಲ್ಲಿ ಕೂತಿರುತ್ತಾರೆ. ಪುಸ್ತಕ ಮಾಡಿದ ಗಾಯಕ್ಕೆ ಅವರ ಬಳಿ ಔಷಧವಿಲ್ಲದಿರಬಹುದು, ಆದರೆ ಅವರ ಎದುರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ ‘ಯಾಕ್ ಕೊಟ್ರಿ ಇದನ್ನ?’ ಎಂದು ಕೇಳಬಹುದು. ಶಿಫಾರಸು ಮಾಡುವ ಹಕ್ಕು ಇದ್ದರೆ ಅದು ಇಲ್ಲಿಂದಲೇ ಹುಟ್ಟುತ್ತದೆ ಎಂದು ನನಗೆ ತೋರುತ್ತದೆ. ಕೊಟ್ಟವರು ಹೆಚ್ಚು ಓದಿದವರೆಂಬುದರಿಂದ ಆ ಹಕ್ಕು ಬರುವುದಿಲ್ಲ, ಮಗುವಿನ ಮನೆಯ ಕಷ್ಟ ಅವರಿಗೆ ಗೊತ್ತು ಎಂಬುದರಿಂದಲೂ ಬರುವುದಿಲ್ಲ. ಕೊಟ್ಟ ಮೇಲೆ ಕೈಗೆ ಸಿಗುವಂತೆ ಇರುತ್ತಾರೆ ಎಂಬುದರಿಂದ ಬರುತ್ತದೆ.

ಹಾಗೆ ಇರುವವರು ಕೊಡುವ ಮಾತನ್ನೂ ಸ್ವಲ್ಪ ಬದಲಾಯಿಸಿಕೊಳ್ಳಬಹುದು. ‘ಇದು ನಿನಗೆ ಒಳ್ಳೇದು’ ಎಂಬುದು ಓದುಗನ ಬಗ್ಗೆ ಆಡಿದ ತೀರ್ಪು. ‘ನಾನಿದನ್ನ ಹತ್ತನೇ ಕ್ಲಾಸಲ್ಲಿ ಓದ್ದೆ, ಎರಡು ದಿನ ಊಟ ಸೇರ್ಲಿಲ್ಲ’ ಎಂಬುದು ತನ್ನ ಬಗ್ಗೆ ಕೊಟ್ಟ ಸಾಕ್ಷಿ. ಮೊದಲನೆಯದರಲ್ಲಿ ಹೇಳುವವರು ಮೇಲೆ, ಕೇಳುವವರು ಕೆಳಗೆ. ಎರಡನೆಯದರಲ್ಲಿ ಹೇಳುವವರು ತಮ್ಮನ್ನೇ ಒಂದಿಷ್ಟು ಬಿಚ್ಚಿಟ್ಟಿದ್ದಾರೆ. ಬೇಕಿದ್ದರೆ ತೆಗೆದುಕೊಳ್ಳಲಿ, ಬೇಡದಿದ್ದರೆ ಬಿಡಲಿ. ಮಮ್ಮಟ ಹೇಳಿದ ಗೆಳೆಯನ ದನಿ ಇದಕ್ಕೆ ಹತ್ತಿರ. ಹೀಗೆ ಮಾತಾಡಿದರೆ ‘ಊರು ಕೇರಿ’ಯನ್ನು ಕೇರಿಯ ಹುಡುಗನಿಗೂ ಊರಿನ ಹುಡುಗನಿಗೂ ಒಂದೇ ಮಾತು ಹೇಳಿ ಕೊಡಬಹುದು: ನಾನು ಓದಿದೆ, ನನಗೆ ಹೀಗಾಯಿತು. ಆದರೆ ಇದಕ್ಕೊಂದು ಷರತ್ತಿದೆ. ಕೊಡುವವರು ನಿಜಕ್ಕೂ ಓದಿರಬೇಕು. ಸುಳ್ಳು ಸಾಕ್ಷಿಯನ್ನು ಹದಿನೈದರ ಮಕ್ಕಳು ಬಹಳ ಬೇಗ ಪತ್ತೆ ಮಾಡುತ್ತಾರೆ.

ಕೊಟ್ಟ ಮೇಲೆ ಕಾಯುವುದೂ ಒಂದು ಶಿಸ್ತು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರಿಗೆ ಇದು ಗೊತ್ತು. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ನಡುವೆ ಆತುರಪಟ್ಟು ಒಡೆದು ನೋಡಿದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಪುಸ್ತಕ ವಾಪಸು ತಂದ ಕೂಡಲೇ ‘ಏನ್ ತಿಳ್ಕೊಂಡೆ ಹೇಳು’ ಎಂದು ಕೇಳುವುದೂ ಅಂಥದ್ದೇ ಆತುರ. ಅರ್ಧ ಓದಿ ಬಿಡುವ ಹಕ್ಕು, ಯಾಕೆ ಬಿಟ್ಟೆ ಎಂದು ಹೇಳದಿರುವ ಹಕ್ಕು, ಇಷ್ಟವಾಗಲಿಲ್ಲ ಎನ್ನುವ ಹಕ್ಕು ಮಕ್ಕಳಿಗೆ ಇರಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಶಿಫಾರಸು ಒಮ್ಮುಖವಾಗಿದ್ದಷ್ಟೂ ದಿನ ಅದರಲ್ಲಿ ಪ್ರಭುವಿನ ದನಿ ಉಳಿದೇ ಇರುತ್ತದೆ. ಹದಿಹರೆಯದವರು ತಮ್ಮೊಳಗೆ ಸದಾ ಶಿಫಾರಸು ಮಾಡಿಕೊಳ್ಳುತ್ತಿರುತ್ತಾರೆ. ಬಸ್ಸಿನಲ್ಲಿ, ಟ್ಯೂಷನ್ನಿನ ಹೊರಗೆ, ‘ಲೋ, ಇದು ಸಕತ್ತಾಗೈತೆ, ಓದೋ’ ಎಂದು ಕೈ ಬದಲಾಯಿಸಿದ ಪುಸ್ತಕಗಳು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರು ಒಂದು ದಿನ ಮೇಜಿನ ಈಚೆಗೆ ಬಂದು ‘ಅಕ್ಕ, ನೀವು ಇದನ್ನ ಓದಿ’ ಎಂದರೆ ಅದನ್ನು ಮನೆಗೆ ಒಯ್ದು ಓದುವ ಹೊಣೆ ದೊಡ್ಡವರ ಮೇಲಿದೆ. ಅದು ಯಾವುದೋ ಪತ್ತೇದಾರಿ ಕತೆಯೇ ಆಗಿರಲಿ, ನಮಗೆ ಬಾಲಿಶ ಎನ್ನಿಸುವ ಪ್ರೇಮಕತೆಯೇ ಆಗಿರಲಿ. ನಮ್ಮ ಪುಸ್ತಕ ಅವರಿಗೆ ಒಗ್ಗಲಿಲ್ಲ ಎಂದಾಗ ನಾವು ಬೇಸರಪಡುತ್ತೇವಲ್ಲ, ಅವರದು ನಮಗೆ ಒಗ್ಗಲಿಲ್ಲ ಎಂದಾಗ ಅವರಿಗೂ ಹಾಗೆಯೇ ಆಗುತ್ತದೆ. ಅದನ್ನು ಅವರ ಮುಖಕ್ಕೆ ಮರ್ಯಾದೆಯಿಂದ ಹೇಳಲು ಕಲಿತ ದಿನ, ಅವರು ನಮಗೂ ಹಾಗೆಯೇ ಹೇಳಲು ಕಲಿಯುತ್ತಾರೆ.

ಮೇಲ್ವಿಚಾರಕರ ಗೌರವಧನ ಕಡಿಮೆ, ಕೆಲಸ ಹೆಚ್ಚು, ಬರುವ ಪುಸ್ತಕಗಳ ಆಯ್ಕೆ ಬಹುಪಾಲು ಅವರ ಕೈಯಲ್ಲಿಲ್ಲ. ಅವರಿಂದ ಇಷ್ಟೆಲ್ಲ ಬಯಸುವುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲದಿರಬಹುದು. ಆದರೆ ತುರುವೇಕೆರೆಯ ಕಡೆಯ ಯಾವುದೋ ಹಳ್ಳಿಯಲ್ಲಿ, ಸಂಜೆ ಐದರ ಹೊತ್ತಿಗೆ, ಬೀರುವಿನ ಮುಂದೆ ನಿಂತ ಮಗುವೊಂದು ಎರಡು ಪುಸ್ತಕ ಹಿಡಿದುಕೊಂಡು ‘ಯಾವುದು ತಗೊಳ್ಲಿ?’ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ಅವರೇ. ನಮ್ಮಲ್ಲಿ ಯಾರಾದರೂ ಆ ಜಾಗದಲ್ಲಿ ನಿಂತರೆ, ಉತ್ತರಿಸುವ ಮುನ್ನ ಅದು ಯಾವ ಯಾವ ಪುಸ್ತಕ ಎಂದು ಕೈಗೆ ತೆಗೆದುಕೊಂಡು ನೋಡಬೇಕು. ನಾವು ಓದಿರದಿದ್ದರೆ ಹಾಗೆಂದು ಹೇಳಿ, ‘ನೀನು ಓದಿ ನನಗೆ ಹೇಳು’ ಎನ್ನಬೇಕು.